ಹಳೇ ದಾವಣಗೆರೆಯ ನಾಳೆ: ಜನ, ಮನೆ, ದುಡಿಮೆಯ ಅಂದಾಜು

(ಸೂಳೆಕೆರೆ ಸೀಮೆಯಲ್ಲಿ ಏರ್ಪಾಡಾಗಿದ್ದ ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಮಾಡಿದ ಭಾಷಣ. ಸಂಚಿಕೆಯ ಓದುಗರಿಗಾಗಿ ಬರಹಕ್ಕೆ ಇಳಿಸಿದ್ದು.)



ನಮ್ಮ ಶೈಕ್ಷಣಿಕ ಸಮಾರಂಭಗಳಲ್ಲಿ ಸಾಮಾನ್ಯವಾಗಿ ವಿದ್ಯೆಯ ಮಹತ್ವ, ಹೆಣ್ಣುಮಕ್ಕಳ ಶಿಕ್ಷಣ, ಎಸ್ಸೆಸ್ಸೆಲ್ಸಿ ಫಲಿತಾಂಶ ಇವುಗಳ ಬಗ್ಗೆ ಮಾತುಗಳಾಗುತ್ತವೆ. ಆಗಲೂಬೇಕು. ಈ ಸಲ ನಾನು ಆರಿಸಿಕೊಂಡದ್ದು ಸ್ವಲ್ಪ ಒಣ ವಿಷಯ. ಇನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ದಾವಣಗೆರೆಯಲ್ಲಿ, ಅದರಲ್ಲೂ ಅದರ ಹಳೇ ಊರಿನಲ್ಲಿ, ಎಷ್ಟು ಜನ ಇರುತ್ತಾರೆ, ಅವರಿಗೆ ಎಷ್ಟು ಮನೆ ಬೇಕು, ಎಷ್ಟು ಮಂದಿಗೆ ಅಲ್ಲಿ ದುಡಿಮೆ ಸಿಗುತ್ತದೆ ಎಂಬ ಲೆಕ್ಕವನ್ನು ಹೇಗೆ ಹಾಕುತ್ತಾರೆ, ಆ ಲೆಕ್ಕದೊಳಗೆ ನಾವು ಬರುತ್ತೇವೋ ಇಲ್ಲವೋ ಎಂಬುದೇ ಆ ವಿಷಯ. ನಾನು ಗಣಿತದ ಮೇಷ್ಟ್ರಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಇದು ಏಳನೇ ತರಗತಿಯ ಶೇಕಡಾ ಲೆಕ್ಕ ಬಲ್ಲವರಿಗೆಲ್ಲ ತಿಳಿಯುವ ಸಂಗತಿ. ಧೈರ್ಯವಾಗಿ ಮುಂದೆ ಓದಿ.

ಸೂಳೆಕೆರೆಯ ಏರಿಯ ಬಳಿ ನಿಂತು ಮಂಡಿಪೇಟೆಯ ಮಾತೇಕೆ ಎಂದು ಕೇಳಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ಜೆ.ಎಚ್. ಪಟೇಲರು ನಮ್ಮದೇ ತಾಲ್ಲೂಕಿನ ಕಾರಿಗನೂರಿನವರು. ಅಲ್ಲಿಯವರೆಗೆ ಶಿವಮೊಗ್ಗದ ಕಡೆ ಮುಖ ಮಾಡಿದ್ದ ಚನ್ನಗಿರಿ, ಹೊನ್ನಾಳಿಗಳ ಜನ ಅಂದಿನಿಂದ ಕಚೇರಿಗೆ, ದೊಡ್ಡಾಸ್ಪತ್ರೆಗೆ, ಕಾಲೇಜಿಗೆ ದಾವಣಗೆರೆ ಬಸ್ಸು ಹತ್ತತೊಡಗಿದರು. ನಮ್ಮ ಹುಡುಗರು ಅಲ್ಲಿನ ಮಂಡಿಗಳಲ್ಲಿ ಗುಮಾಸ್ತರು, ಗ್ಯಾರೇಜುಗಳಲ್ಲಿ ಮೆಕ್ಯಾನಿಕ್ಕರು, ಬಟ್ಟೆ ಅಂಗಡಿಗಳಲ್ಲಿ ಸೇಲ್ಸ್‌ಮನ್ನರು. ಊರಿನ ಬೆಳವಣಿಗೆಯ ಲೆಕ್ಕ ಹಾಕುವವರು ಇವರನ್ನೆಲ್ಲ ಸೇರಿಸಿ 'ವಲಸೆ' ಎಂಬ ಒಂದೇ ಕಾಲಂನಲ್ಲಿ ಬರೆಯುತ್ತಾರೆ. ಆ ಕಾಲಂ ಎಂದರೆ ನಾವೇ.

ಮೊದಲು ಪದಗಳ ವಿಚಾರ. ಭಾಷೆಯ ಮೇಷ್ಟ್ರಿಗೆ ಇಷ್ಟಾದರೂ ಸ್ವಾತಂತ್ರ್ಯ ಕೊಡಿ. ಜನಗಣತಿಗೆ ಉರ್ದುವಿನಲ್ಲಿ 'ಮರ್ದುಮ್ ಶುಮಾರಿ' ಎನ್ನುತ್ತಾರೆ, ಅಂದರೆ ಮನುಷ್ಯರ ಎಣಿಕೆ. ಹಳೇ ಮೈಸೂರಿನ ಕನ್ನಡದಲ್ಲಿ ಇದಕ್ಕೆ 'ಖಾನೇಷುಮಾರಿ' ಎಂಬ ಹೆಸರಿತ್ತು. ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಉರ್ದು ತಲೆಯನ್ನು ಎಣಿಸಿತು, ಕನ್ನಡ ಅದೇ ಪಾರ್ಸಿ ಮಾತಿನಿಂದ ಮನೆಯನ್ನು ಎಣಿಸಿತು. ಊರಿನ ಯೋಜನೆಗೆ ಎರಡೂ ಬೇಕು. ಇನ್ನು 'ಅಂದಾಜು' ಎಂಬ ನಮ್ಮ ದಿನಬಳಕೆಯ ಮಾತೂ ಪಾರ್ಸಿಯ 'ಅಂದಾಜ'ದಿಂದ ಬಂದದ್ದು, ಅಳತೆ ಎಂದು ಅರ್ಥ. ಉರ್ದುವಿನಲ್ಲಿ 'ತಖ್ಮೀನಾ' ಬೇರೆ, 'ಪೇಶೀನ್‌ಗೋಯಿ' ಬೇರೆ. ಮೊದಲನೆಯದು ಲೆಕ್ಕದಿಂದ ಮಾಡಿದ ಅಂದಾಜು, ಎರಡನೆಯದು ಭವಿಷ್ಯ ನುಡಿಯುವುದು. ನಾನು ಇಲ್ಲಿ ಹೇಳುತ್ತಿರುವುದು ತಖ್ಮೀನಾ ಕುರಿತು.

ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣವಿದೆ. ಭಾಷಣ ಮುಗಿದ ಮೇಲೆ ಒಬ್ಬ ಹಿರಿಯರು ಬಳಿಗೆ ಬಂದು, "ಮಾಸ್ಟರ್ ಸಾಬ್, ನಾಳೆ ಏನಾಗುತ್ತೆ ಅನ್ನೋದು ಅಲ್ಲಾಹನಿಗೆ ಮಾತ್ರ ಗೊತ್ತು. ಇಪ್ಪತ್ತು ವರ್ಷದ ಮಾತು ನಾವು ಆಡಬಹುದಾ?" ಎಂದು ಕೇಳಿದರು. ಗೈಬ್‌ನ ಜ್ಞಾನ ಅವನಿಗೇ ಸೇರಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಜ್ರತ್ ಯೂಸುಫ್ ಅಲೈಹಿಸ್ಸಲಾಮರ ವೃತ್ತಾಂತ ನಮಗೆಲ್ಲ ಗೊತ್ತಿದೆ. ಮಿಸ್ರಿನ ಬಾದಶಹನ ಕನಸಿನ ಅರ್ಥ ಹೇಳಿ ಅವರು ಸುಮ್ಮನಾಗಲಿಲ್ಲ. ಏಳು ವರ್ಷದ ಸುಗ್ಗಿಯಲ್ಲಿ ತಿನ್ನುವಷ್ಟು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಕೂಡಿಡಿ, ಮುಂದಿನ ಏಳು ವರ್ಷಕ್ಕೆ ಬೇಕಾಗುತ್ತದೆ ಎಂದು ಏರ್ಪಾಡನ್ನೂ ಹೇಳಿದರು. ಕನಸಿನ ಅರ್ಥ ಅವರಿಗೆ ಅಲ್ಲಾಹನು ಕೊಟ್ಟ ಅರಿವು. ಅದು ನಮಗಿಲ್ಲ. ಕಣಜ ತುಂಬುವ ಲೆಕ್ಕ ಮಾತ್ರ ನಮ್ಮ ಕೈಯಲ್ಲಿದೆ. ಹಳೇ ದಾವಣಗೆರೆಯಲ್ಲಿ 'ಹಗೇದಿಬ್ಬ' ಎಂಬ ವೃತ್ತವಿದೆ, ಅದರ ಹೆಸರಿನೊಳಗೇ ಧಾನ್ಯ ತುಂಬಿಡುವ ಹಗೇವು ಇದೆ.

ಈಗ ಊರಿನ ವಿಷಯಕ್ಕೆ ಬರೋಣ. ದಾವಣಗೆರೆ ಒಂದು ಕಾಲಕ್ಕೆ ಹೆಸರಿಲ್ಲದ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಾಗ ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಪೇಟೆ ಹುಟ್ಟಿದ್ದು ಹಾಗೆ. 1870ರಲ್ಲಿ ಪುರಸಭೆಯಾಯಿತು. 1930ರ ದಶಕದಿಂದ ಹತ್ತಿ ಗಿರಣಿಗಳು ಎದ್ದವು, 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂತು. ಗಿರಣಿಗಳ ಸೈರನ್ನಿಗೆ ಊರು ಏಳುತ್ತಿದ್ದ ಕಾಲವನ್ನು ನಮ್ಮ ಹಿರಿಯರು ನೆನೆಯುತ್ತಾರೆ. ಆಮೇಲೆ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು. 1970ರಲ್ಲಿ ಕುಳಿತು 2000ದ ದಾವಣಗೆರೆಯ ಉದ್ಯೋಗವನ್ನು ಅಂದಾಜು ಮಾಡಿದವರು ಖಂಡಿತ ಗಿರಣಿ ಕೆಲಸಗಾರರ ಸಂಖ್ಯೆಯನ್ನು ಏರಿಸುತ್ತಲೇ ಹೋಗುತ್ತಿದ್ದರು. ಗಿರಣಿ ಹೋದರೂ ಊರು ಮಾತ್ರ ಕುಗ್ಗಲಿಲ್ಲ. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ಅವುಗಳ ಸುತ್ತ ಹಾಸ್ಟೆಲ್ಲು, ಆಸ್ಪತ್ರೆ, ಔಷಧಿ ಅಂಗಡಿ, ಹೋಟೆಲು ಅದನ್ನು ಎತ್ತಿ ಹಿಡಿದವು. 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಜನಸಂಖ್ಯೆಯ ಅಂದಾಜಿಗಿಂತ ಉದ್ಯೋಗದ ಅಂದಾಜು ಬೇಗ ಸುಳ್ಳಾಗುವುದು ಇದೇ ಕಾರಣಕ್ಕೆ.

ಜನರ ಸಂಖ್ಯೆಯನ್ನು ನೋಡಿ. ಜನಗಣತಿಯ ಪ್ರಕಾರ 1971ರಲ್ಲಿ ದಾವಣಗೆರೆಯಲ್ಲಿ ಸುಮಾರು 1 ಲಕ್ಷ 21 ಸಾವಿರ ಜನ. 1981ರಲ್ಲಿ 1 ಲಕ್ಷ 97 ಸಾವಿರ. 1991ರಲ್ಲಿ ಸುತ್ತಲ ಬಡಾವಣೆ ಸೇರಿ 2 ಲಕ್ಷ 87 ಸಾವಿರ. 2001ರಲ್ಲಿ 3 ಲಕ್ಷ 64 ಸಾವಿರ. 2011ರಲ್ಲಿ 4 ಲಕ್ಷ 35 ಸಾವಿರ. ಇವನ್ನು ಕರಿಹಲಗೆಯ ಮೇಲೆ ಬರೆದು ಮೂರು ವಿಧವಾಗಿ ಮುಂದುವರಿಸಬಹುದು. ನೀರು ಸರಬರಾಜಿನ ಇಂಜಿನಿಯರುಗಳು ಬಳಸುವ ವಿಧಾನಗಳು ಹೆಚ್ಚುಕಡಿಮೆ ಇವೇ.

ಮೊದಲ ವಿಧದಲ್ಲಿ ಹತ್ತು ವರ್ಷಕ್ಕೆ ಸರಾಸರಿ ಎಷ್ಟು ಜನ ಹೆಚ್ಚಿದರು ಎಂದು ನೋಡಿ ಅಷ್ಟನ್ನೇ ಕೂಡಿಸುತ್ತಾ ಹೋಗುವುದು. ಮೇಲಿನ ನಾಲ್ಕು ದಶಕಗಳ ಸರಾಸರಿ ಸುಮಾರು 78 ಸಾವಿರ. ಹಾಗೆ ಕೂಡಿದರೆ 2031ಕ್ಕೆ 5 ಲಕ್ಷ 92 ಸಾವಿರ. ಎರಡನೆಯದು ಬಡ್ಡಿ ಲೆಕ್ಕ, ಅಂದರೆ ಹತ್ತು ವರ್ಷಕ್ಕೆ ಶೇಕಡಾ ಎಷ್ಟು ಬೆಳೆಯಿತೋ ಅಷ್ಟೇ ಶೇಕಡಾ ಮುಂದೆಯೂ ಬೆಳೆಯುತ್ತದೆ ಎಂದು ಇಟ್ಟುಕೊಳ್ಳುವುದು. ಸರಾಸರಿ ಶೇಕಡಾ 37 ಚಿಲ್ಲರೆ ಬರುತ್ತದೆ. ಚಕ್ರಬಡ್ಡಿಯಂತೆ ಬೆಳೆಸಿದರೆ 2031ಕ್ಕೆ 8 ಲಕ್ಷ 25 ಸಾವಿರ! ಮೂರನೆಯ ವಿಧ ಬೆಳವಣಿಗೆಯ ವೇಗ ತಗ್ಗುತ್ತಿದೆ ಎಂಬುದನ್ನು ಗಮನಿಸುತ್ತದೆ. ಆ ನಾಲ್ಕು ದಶಕಗಳ ಶೇಕಡಾವಾರು ಬೆಳವಣಿಗೆ ಕ್ರಮವಾಗಿ 62, 46, 27, 20. ಇಳಿಮುಖ ಸ್ಪಷ್ಟವಾಗಿದೆ. ಮುಂದಿನ ಎರಡು ದಶಕಕ್ಕೆ 15, 12 ಎಂದು ಹಿಡಿದರೆ 2031ಕ್ಕೆ 5 ಲಕ್ಷ 60 ಸಾವಿರ ಮಾತ್ರ.

ಊರು ಒಂದೇ, ಖಾನೇಷುಮಾರಿ ಒಂದೇ, ಉತ್ತರ ಮಾತ್ರ ಮೂರು. ದೊಡ್ಡ ಸಂಖ್ಯೆಗೂ ಚಿಕ್ಕ ಸಂಖ್ಯೆಗೂ ನಡುವೆ 2 ಲಕ್ಷ 65 ಸಾವಿರ ಜನರ ಅಂತರ. ಮನೆಗೆ 4.6 ಜನರಂತೆ ಲೆಕ್ಕ ಹಾಕಿದರೆ ಅದು 57 ಸಾವಿರಕ್ಕೂ ಮಿಕ್ಕ ಮನೆಗಳು. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಅಳತೆಯಲ್ಲಿ ಮೂರೂವರೆ ಕೋಟಿ ಲೀಟರ್ ನೀರು. ಆದ್ದರಿಂದ ಯಾರಾದರೂ ವೇದಿಕೆಯ ಮೇಲೆ "ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಜನ" ಎಂದು ಒಂದೇ ಸಂಖ್ಯೆ ಹೇಳಿದರೆ, ಯಾವ ವರ್ಷವನ್ನು ಬುನಾದಿ ಮಾಡಿಕೊಂಡಿರಿ, ಯಾವ ವೇಗ ಹಿಡಿದಿರಿ ಎಂದು ಕೇಳಬೇಕು. ನನ್ನನ್ನು ಕೇಳಿದರೆ ಬಡ್ಡಿ ಲೆಕ್ಕವನ್ನು ನಾನು ನಂಬುವುದಿಲ್ಲ. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗಲು 2.1 ಬೇಕು. ಮುಸಲ್ಮಾನರ ಸಂಖ್ಯೆಯ ಬಗ್ಗೆ ಹಬ್ಬಿಸುವ ಭಯದ ಮಾತುಗಳನ್ನು ನೀವೂ ಕೇಳಿದ್ದೀರಿ. ಅದೇ ಸಮೀಕ್ಷೆಯ ಪ್ರಕಾರ ದೇಶದ ಮುಸ್ಲಿಂ ಮಹಿಳೆಯರ ಸರಾಸರಿ 1992-93ರಲ್ಲಿ 4.4 ಇದ್ದದ್ದು 2.4ರ ಹತ್ತಿರಕ್ಕೆ ಬಂದಿದೆ. ಹಾಗಾಗಿ ಊರು ಬೆಳೆಯುವುದು ಇನ್ನು ತೊಟ್ಟಿಲಿನಿಂದಲ್ಲ, ಬಸ್ ಸ್ಟ್ಯಾಂಡಿನಿಂದ. ಮತ್ತೆ ನಮ್ಮ ಸೂಳೆಕೆರೆ ಕಡೆಯ ಬಸ್ಸಿಗೇ ಬಂದು ನಿಂತೆವು.

ಮನೆಯ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ 2001ರಲ್ಲಿ ಒಂದು ಕುಟುಂಬಕ್ಕೆ ಸರಾಸರಿ 5.2 ಜನ, 2011ರಲ್ಲಿ 4.6. ಸಾವಿರ ಜನರಿಗೆ ಮೊದಲು 192 ಮನೆ ಸಾಕಾಗುತ್ತಿತ್ತು, ಹತ್ತೇ ವರ್ಷದಲ್ಲಿ ಅದೇ ಸಾವಿರ ಜನರಿಗೆ 217 ಮನೆ ಬೇಕಾದವು. ಒಂದು ಮಗು ಹೆಚ್ಚಾಗದಿದ್ದರೂ 25 ಮನೆ ಹೆಚ್ಚು ಬೇಕಾಯಿತು. ಆದರೆ ಈ ಸರಾಸರಿ ನಮ್ಮ ಮೊಹಲ್ಲಾಗಳಲ್ಲಿ ಮೋಸ ಮಾಡುತ್ತದೆ. ಗಣತಿಯವರ ಪ್ರಕಾರ ಒಂದೇ ಒಲೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಅಜ್ಜಿ ಕಾಲದ ಎರಡು ಕೋಣೆಯ ಮನೆ, ಅದರಲ್ಲಿ ಮೂವರು ಅಣ್ಣತಮ್ಮಂದಿರು, ಮೂರು ಸಂಸಾರ, ಒಂದೇ ಅಡುಗೆಮನೆ. ಕಾಗದದ ಮೇಲೆ ಅದು ಒಂದು ಕುಟುಂಬ, ಒಂದು ಮನೆ, ಕೊರತೆ ಸೊನ್ನೆ. ರಾತ್ರಿ ಅಲ್ಲಿ ಹೇಗೆ ಮಲಗುತ್ತಾರೆಂದು ಆ ಮನೆಯವರಿಗೇ ಗೊತ್ತು. ಹಿರಿಯರು ಮಸೀದಿಯ ಜಗಲಿಗೆ, ಹುಡುಗರು ಅಂಗಡಿಯ ಮಾಳಿಗೆಗೆ.

ಇದು ನಮ್ಮೊಬ್ಬರ ಕಥೆಯಲ್ಲ. 2012ರಲ್ಲಿ ಪ್ರೊ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದು ಅಂದಾಜು ಮಾಡಿತು. ಅದರಲ್ಲಿ ಮನೆಯೇ ಇಲ್ಲದ ಕುಟುಂಬಗಳು ಸುಮಾರು 5 ಲಕ್ಷ ಮಾತ್ರ. ಸುಮಾರು 1 ಕೋಟಿ 50 ಲಕ್ಷ ಎಂದರೆ ಇಕ್ಕಟ್ಟಿನಲ್ಲಿ ಬದುಕುತ್ತಿರುವ ಕುಟುಂಬಗಳ ಲೆಕ್ಕ. (ಸಾಚಾರ್ ವರದಿಯ ಶಿಫಾರಸುಗಳು ಎಷ್ಟು ಜಾರಿಯಾದವು ಎಂದು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟ ಸಮಿತಿಗೂ ಇದೇ ಕುಂಡು ಅವರೇ ಅಧ್ಯಕ್ಷರು.) ಈ ಇಕ್ಕಟ್ಟು ಲೆಕ್ಕಕ್ಕೆ ಸಿಕ್ಕಿದ್ದು ಹೇಗೆ? ಮನೆಪಟ್ಟಿ ಮಾಡುವವರು ವಾಸದ ಕೋಣೆಗಳೆಷ್ಟು, ಮದುವೆಯಾದ ಜೋಡಿಗಳೆಷ್ಟು ಎಂದು ಕೇಳುತ್ತಾರಲ್ಲ, ಆ ಎರಡು ಪ್ರಶ್ನೆಗಳಿಂದ. ಸಂಕೋಚಪಟ್ಟು ಕೋಣೆಯ ಸಂಖ್ಯೆ ಹೆಚ್ಚು ಹೇಳಿದರೆ ಮರ್ಯಾದೆ ಉಳಿದಂತೆ ಕಾಣಬಹುದು, ಮನೆ ಮಾತ್ರ ಹೋಗುತ್ತದೆ.

ಹಳೇ ಊರಿನ ಮಧ್ಯಭಾಗಕ್ಕೆ ಒಂದು ವಿಚಿತ್ರ ಗುಣವಿದೆ. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಹಗಲು ಹನ್ನೊಂದಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಲಾರಿ, ಹಮಾಲರು, ದಲ್ಲಾಲರು, ಹಳ್ಳಿಯಿಂದ ಬಂದ ಗಿರಾಕಿಗಳು. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದರೆ ಶಟರುಗಳು, ಬೀದಿನಾಯಿಗಳು. ಗಣತಿ ಎಣಿಸುವುದು ಅಲ್ಲಿ ಮಲಗಿದವರನ್ನು. ಬಾಡಿಗೆ ಏರಿದಂತೆ ವಾಸದ ಮನೆಗಳು ಗೋದಾಮುಗಳಾಗುತ್ತವೆ, ಕೆಳಗಿನ ಮನೆಯವರು ಬಡಾವಣೆಗೆ ಹೋಗುತ್ತಾರೆ. ಜನಸಂಖ್ಯೆ ಇಳಿಯುತ್ತದೆ, ಕೆಲಸ ಮಾತ್ರ ಏರುತ್ತದೆ. ಜನಸಂಖ್ಯೆಯೊಂದನ್ನೇ ನೋಡಿ ಇಲ್ಲಿ ಶೌಚಾಲಯ, ಕುಡಿಯುವ ನೀರು, ಆಸ್ಪತ್ರೆ ಕಡಿಮೆ ಸಾಕು ಎಂದು ಬರೆದರೆ ಹಗಲಿನ ಜನ ಏನು ಮಾಡಬೇಕು? ಆದ್ದರಿಂದ ಪೇಟೆಯ ಭಾಗಕ್ಕೆ ರಾತ್ರಿಯ ಜನ, ಹಗಲಿನ ಜನ ಎಂದು ಎರಡು ಲೆಕ್ಕ ಬೇಕು.

ಅದೇ ಹಳೇ ಊರಿನ ಇನ್ನೊಂದು ಅಂಚಿಗೆ ಬನ್ನಿ. ಆಜಾದ್ ನಗರ, ಭಾಷಾ ನಗರದ ಕಡೆ, ಮಂಡಕ್ಕಿ ಭಟ್ಟಿ. ಮಂಡಕ್ಕಿ ಮಿರ್ಚಿ ತಿನ್ನದ ದಾವಣಗೆರೆಯವರು ಉಂಟೆ? ಅದನ್ನು ಹುರಿಯುವ ಕೈಗಳನ್ನು ನೋಡಿದವರು ಕಡಿಮೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿಯಬೇಕು. ಬಿಸಿಲೇರುವ ಮುನ್ನ ಭಟ್ಟಿ ಹೊತ್ತಿಸುತ್ತಾರೆ. ಹೊಗೆ, ಬೂದಿ, ಕೆಮ್ಮು. ಈ ಭಟ್ಟಿಗಳ ಸುತ್ತಲೇ ಮನೆಗಳು. ಗಂಡ ಭಟ್ಟಿಯ ಮುಂದೆ, ಹೆಂಡತಿ ಅಂಗಳದಲ್ಲಿ ಅಕ್ಕಿ ಹರವುತ್ತಾ, ಮಗ ಶಾಲೆಗೆ ಹೋಗುವ ಮೊದಲು ಚೀಲ ಹಿಡಿಯುತ್ತಾ ಇರುತ್ತಾರೆ. ಮಗ ಶಾಲೆಗೆ ಹೋಗುತ್ತಾನೋ ಇಲ್ಲವೋ ಎಂಬುದು ನಮ್ಮಂಥವರ ಚಿಂತೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಮಂಡಕ್ಕಿ ಭಟ್ಟಿ ಪ್ರದೇಶದ ಪುನರಭಿವೃದ್ಧಿಯೂ ಆ ಪ್ರಸ್ತಾವನೆಯಲ್ಲಿ ಸೇರಿತ್ತು. ಹೊಗೆ ಹೋಗಬೇಕು ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ. ಭಟ್ಟಿಯ ಮುಂದೆ ದುಡಿದವರ ಎದೆಯ ಸದ್ದು ಕೇಳಿದವರು ಯಾರೂ ಹೊಗೆಯ ಪರ ಮಾತಾಡುವುದಿಲ್ಲ. ನನ್ನ ಪ್ರಶ್ನೆ ಲೆಕ್ಕದ್ದು. ಯಾವ ಯೋಜನೆಯಲ್ಲೇ ಆಗಲಿ, ಇಂತಹ ಜಾಗವನ್ನು ಕಾಗದದ ಮೇಲೆ ತರುವಾಗ 'ವಾಸ' ಎಂದು ಒಂದು ಬಣ್ಣ, 'ಕೈಗಾರಿಕೆ' ಎಂದು ಇನ್ನೊಂದು ಬಣ್ಣ ಬಳಿಯುತ್ತಾರೆ. ಮನೆಯೂ ಭಟ್ಟಿಯೂ ಒಂದೇ ಆಗಿರುವಲ್ಲಿ ಯಾವ ಬಣ್ಣ? ವಾಸ ಎಂದು ಬಳಿದರೆ ದುಡಿಮೆ ಕಾನೂನುಬಾಹಿರವಾಗುತ್ತದೆ, ಕೈಗಾರಿಕೆ ಎಂದು ಬಳಿದರೆ ಮನೆ. ಊರ ಹೊರಗೆ ಒಳ್ಳೆಯ ಮನೆ ಕಟ್ಟಿಕೊಟ್ಟರು ಎಂದೇ ಇಟ್ಟುಕೊಳ್ಳಿ. ಮನೆಯ ಕಾಲಂನಲ್ಲಿ ಒಂದು ಹೆಚ್ಚಾಯಿತು. ಗಂಡ ಬಸ್ಸಿನಲ್ಲಿ ಹೋಗಿ ಬಂದಾನು. ಮಗುವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಅಂಗಳದಲ್ಲಿ ದುಡಿಯುತ್ತಿದ್ದ ಹೆಂಡತಿಯ ಕೆಲಸ ಹೋಯಿತು. ಆದರೆ ದುಡಿಮೆಯ ಕಾಲಂನಲ್ಲಿ ಒಂದು ಕಡಿಮೆಯಾಗುವುದಿಲ್ಲ. ಏಕೆಂದರೆ ಅವಳು ಮೊದಲೂ ಅಲ್ಲಿ ಇರಲೇ ಇಲ್ಲ.

ಇಲ್ಲಿ ಓದುಗರು ಒಂದು ನಿಮಿಷ ನಿಲ್ಲಬೇಕೆಂದು ಕೋರುತ್ತೇನೆ. ಅವಳು ಯಾಕೆ ಇರಲಿಲ್ಲ? ಗಣತಿಗೆ ಬಂದವರು, "ನಿಮ್ಮ ಮನೆಯ ಹೆಂಗಸರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಾಗ ಬಾಗಿಲಲ್ಲಿ ನಿಂತ ಗಂಡಸು ಕೊಡುವ ಉತ್ತರ, "ಏನಿಲ್ಲ ಸರ್, ಮನ್ಯಾಗೇ ಇರ್ತಾರೆ." ಅಷ್ಟೇ. ಮಂಡಕ್ಕಿ ಅಕ್ಕಿ ಹರವುವವಳು, ಬೀಡಿ ಸುತ್ತುವವಳು, ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವಳು, ನಮ್ಮ ಚನ್ನಗಿರಿ ಕಡೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುವವಳು, ಎಲ್ಲರೂ 'ಕೆಲಸವಿಲ್ಲದವರು'. ಗಣತಿಯಲ್ಲಿ ಇವರಿಗೆ ಜಾಗವಿಲ್ಲದೆ ಇಲ್ಲ. ಮನೆಯಲ್ಲೇ ನಡೆಯುವ ಕೈಗಾರಿಕೆಗೆ ಪ್ರತ್ಯೇಕ ವಿಭಾಗವಿದೆ. ವರ್ಷದಲ್ಲಿ 183 ದಿನ ಅಥವಾ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಅಡಿಕೆ ಸುಲಿಯುವವಳಿಗೂ ಒಂದು ಖಾನೆ ಇದೆ. ಆ ಖಾನೆಯನ್ನು ಖಾಲಿ ಬಿಡಿಸುತ್ತಿರುವುದು ನಮ್ಮ ಬಾಗಿಲಿನ ಉತ್ತರ. ಹೆಣ್ಣಿನ ದುಡಿಮೆ ಹೇಳಿಕೊಂಡರೆ ಮನೆತನಕ್ಕೆ ಕಡಿಮೆ ಎಂಬ ಭಾವನೆ ಇನ್ನೂ ಇದೆ. ಬೀಬಿ ಖದೀಜಾ ರಜಿಯಲ್ಲಾಹು ಅನ್ಹಾ ವ್ಯಾಪಾರ ನಡೆಸಿದವರು ಎಂದು ಮಕ್ಕಳಿಗೆ ಕಲಿಸುವ ನಾವು, ಸ್ವಂತ ಹೆಂಡತಿಯ ದುಡಿಮೆಯನ್ನು ಹೇಳಲು ನಾಚುತ್ತೇವೆ. ಆಮೇಲೆ ಸಾಲ, ತರಬೇತಿ, ಕೂಸಿನ ಮನೆ, ಕೆಲಸದ ಶೆಡ್ಡು ನಮ್ಮ ಕಡೆ ಬರಲಿಲ್ಲ ಎಂದು ದೂರುತ್ತೇವೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಅದನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾಗಲಿಲ್ಲ. ಭಾವಾವೇಶದ ಮಾತಿನ ಬದಲು 2001ರ ಜನಗಣತಿ ಮತ್ತು ಮಾದರಿ ಸಮೀಕ್ಷೆಗಳ ಅಂಕಿ ಅದರಲ್ಲಿದ್ದದ್ದೇ ಅದಕ್ಕೆ ಕಾರಣ. ಆ ಅಂಕಿಗಳೂ ಹೀಗೆ ಬಾಗಿಲಲ್ಲಿ ನಿಂತು ಕೊಟ್ಟ ಉತ್ತರಗಳಿಂದಲೇ ಕೂಡಿದವು.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಸಾಕ್ಷಿ. 2007ರಲ್ಲಿ ಒಪ್ಪಿಗೆಯಾದ ಅಲ್ಲಿನ ಪರಿಷ್ಕೃತ ಮಹಾಯೋಜನೆ 2015ಕ್ಕೆ ಸುಮಾರು 88 ಲಕ್ಷ ಜನ ಎಂದು ಹಿಡಿದಿತ್ತು. 2011ರಲ್ಲೇ, ಯೋಜನಾ ಪ್ರದೇಶಕ್ಕಿಂತ ಚಿಕ್ಕದಾದ ಪಾಲಿಕೆಯ ಗಡಿಯೊಳಗೇ, 84 ಲಕ್ಷ ದಾಟಿತ್ತು. ಮುಂದೆ 2017ರ ನವೆಂಬರ್‌ನಲ್ಲಿ 2031ರ ಕರಡು ಯೋಜನೆ ಬಂದಾಗ 2 ಕೋಟಿ 3 ಲಕ್ಷ ಎಂದಿತು. ಜನ ಸುಮ್ಮನಿರಲಿಲ್ಲ, ಸಾವಿರಾರು ಆಕ್ಷೇಪಣೆ ಸಲ್ಲಿಸಿದರು. ನಂತರ ಆ ಕರಡನ್ನೇ ಸರ್ಕಾರ ಹಿಂದಕ್ಕೆ ಪಡೆಯಿತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು 60 ದಿನ ಅವಕಾಶವಿದೆ. ದಾವಣಗೆರೆ, ಹರಿಹರಗಳಿಗೆ ಈ ಕೆಲಸ ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಾವು 'ದೂಡಾ' ಎನ್ನುವ ಕಚೇರಿ. ಅಲ್ಲಿಗೆ ನಮ್ಮವರು ಹೋಗುವುದು ಸೈಟಿನ ಅರ್ಜಿಗಾಗಿ ಮಾತ್ರ. ಕರಡು ನಕ್ಷೆ ನೋಡಲು ಎಷ್ಟು ಜಮಾಅತ್‌ಗಳು, ಎಷ್ಟು ಮುತವಲ್ಲಿಗಳು ಹೋಗುತ್ತಾರೆ ಎಂದು ನಿಮ್ಮ ನಿಮ್ಮಲ್ಲೇ ವಿಚಾರಿಸಿ ನೋಡಿ. ನಕ್ಷೆ ಅರ್ಥವಾಗದಿದ್ದರೆ ಬೇಡ, ಜನಸಂಖ್ಯೆಯ ಪಟ್ಟಿ ಎಲ್ಲಿದೆ ತೋರಿಸಿ ಎಂದು ಕೇಳಿ. ಅದು ಪದವಿ ಓದಿದ ಯಾವ ಹುಡುಗಿಗೂ ಅರ್ಥವಾಗುತ್ತದೆ.

ಇನ್ನು ನಮ್ಮ ಕೆರೆ. ಹನ್ನೆರಡನೇ ಶತಮಾನದ ಸುಮಾರಿಗೆ ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ, ಶಾಂತಿಸಾಗರ ಎಂದೂ ಕರೆಯುವ ಈ ಕೆರೆಯ ಹರವು ದಾಖಲೆಯಂತೆ ಸುಮಾರು ಆರೂವರೆ ಸಾವಿರ ಎಕರೆ. ಹರಿದ್ರಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಹಾಕಿದವರು ಎಷ್ಟು ನೀರು ಬಂದೀತು ಎಂದು ಅಂದಾಜು ಮಾಡದೆ ಹಾಕಿರಲಾರರು. ಗದ್ದೆ, ತೋಟಗಳಿಗಾಗಿ ತೆಗೆದ ಸಿದ್ಧ ನಾಲೆ, ಬಸವ ನಾಲೆಗಳ ಜೊತೆಗೆ ಈಗ ಕುಡಿಯುವ ನೀರಿನ ಕೊಳವೆಗಳೂ ಸೇರಿವೆ. ಚಿತ್ರದುರ್ಗಕ್ಕೂ ನೀರು ಹೋಗುತ್ತದೆ. ಬಾಯಾರಿದವರಿಗೆ ನೀರು ಕೊಡುವುದು ಸವಾಬಿನ ಕೆಲಸ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ದೂರದ ಒಂದು ನಗರ ತನ್ನ ಜನಸಂಖ್ಯೆಯ ಅಂದಾಜನ್ನು ಹತ್ತು ಸಾವಿರ ಏರಿಸಿ ಬರೆದರೆ ಆ ಅಳತೆಯಲ್ಲಿ ದಿನಕ್ಕೆ 13 ಲಕ್ಷ 50 ಸಾವಿರ ಲೀಟರ್ ಬೇಡಿಕೆ ಹೆಚ್ಚಾಗುತ್ತದೆ. ನಗರದ ಲೆಕ್ಕ ನಗರದವರಿಗೆ ಎಂದು ಬಿಟ್ಟುಬಿಡಲಾಗದು, ಅದು ಕೆರೆಯ ತೂಬಿನವರೆಗೆ ಬರುತ್ತದೆ. ಹೂಳು ತುಂಬುತ್ತಾ, ಅಂಚು ಒತ್ತುವರಿಯಾಗುತ್ತಾ ಹೋದರೆ ಬೇಡಿಕೆ ಏರುವ ಹೊತ್ತಿಗೆ ಕೆರೆಯ ಹೊಟ್ಟೆ ಕುಗ್ಗಿರುತ್ತದೆ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೀಗಾಗಿ ಎಲ್ಲ ಅಂದಾಜುಗಳೂ 2011ರ ಹಳೆಯ ಬುನಾದಿಯ ಮೇಲೆ ನಿಂತವು. 2025ರ ಜೂನ್‌ನ ಅಧಿಸೂಚನೆಯಂತೆ ಮುಂದಿನ ಗಣತಿಗೆ 2027ರ ಮಾರ್ಚ್ 1 ಎಣಿಕೆಯ ದಿನಾಂಕ. ಮನೆಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ತಲೆ ಎಣಿಕೆಗೆ 2027ರ ಫೆಬ್ರವರಿ ಎಂದು ಪ್ರಕಟವಾಗಿದೆ. ಮುಂದಿನ ಇಪ್ಪತ್ತು ವರ್ಷದ ಮನೆ, ನೀರು, ಶಾಲೆ, ಕೆಲಸಗಳ ಅಂದಾಜುಗಳೆಲ್ಲ ಈ ಎಣಿಕೆಯ ಮೇಲೆ ನಿಲ್ಲುತ್ತವೆ. ಮನೆಪಟ್ಟಿಯಲ್ಲಿ ಕಟ್ಟಡದ ಉಪಯೋಗ ಕೇಳುವಾಗ ವಾಸವೂ ಹೌದು ಬೇರೆ ಉಪಯೋಗವೂ ಹೌದು ಎಂಬ ಉತ್ತರಕ್ಕೂ ಅವಕಾಶವಿರುತ್ತದೆ. ಭಟ್ಟಿಯ ಮನೆಯವರು ಅದನ್ನು ಕೇಳಿ ಬರೆಸಬೇಕು.

ನಮ್ಮ ಸಂಘದ ಪ್ರೌಢಶಾಲೆಯ ಮಕ್ಕಳಿಗೆ ಒಂದು ಚಟುವಟಿಕೆ ಕೊಡಬೇಕೆಂದು ಸಮಾರಂಭದಲ್ಲೇ ಕೋರಿದ್ದೆ, ಇಲ್ಲಿಯೂ ಕೋರುತ್ತೇನೆ. ಒಂದೊಂದು ಗುಂಪು ಒಂದೊಂದು ಬೀದಿ ಹಿಡಿಯಲಿ. ಸೂಳೆಕೆರೆ ಸುತ್ತಲಿನ ಹಳ್ಳಿಯವರು ತಮ್ಮ ಬೀದಿಯಿಂದ ಎಷ್ಟು ಜನ ದಾವಣಗೆರೆಗೆ, ಬೆಂಗಳೂರಿಗೆ, ಗಲ್ಫಿಗೆ ಹೋದರು, ಎಷ್ಟು ಜನ ದಿನವೂ ಹೋಗಿಬರುತ್ತಾರೆ ಎಂದು ಬರೆಯಲಿ. ದಾವಣಗೆರೆಯಲ್ಲಿ ಓದುವವರು ಬಾಗಿಲುಗಳನ್ನು, ಒಲೆಗಳನ್ನು, ಕೋಣೆಗಳನ್ನು ಎಣಿಸಲಿ. ಮನೆಯೊಳಗೇ ದುಡಿಯುವವರನ್ನು ಹೆಣ್ಣು ಗಂಡು ಬೇರೆ ಮಾಡಿ ಬರೆಯಲಿ, ಉತ್ತರವನ್ನು ಆ ಹೆಂಗಸಿನ ಬಾಯಿಂದಲೇ ಪಡೆಯಲಿ. ಇದಕ್ಕೆ ಹೆಣ್ಣುಮಕ್ಕಳ ಗುಂಪೇ ಒಳ್ಳೆಯದು. ಪೇಟೆಯ ಬೀದಿಗಳಲ್ಲಿ ಎರಡು ಸಲ ಎಣಿಸಬೇಕು. ಶುಕ್ರವಾರ ಬೇಡ, ಜುಮಾ ಹೊತ್ತಿಗೆ ಅರ್ಧ ಅಂಗಡಿ ಮುಚ್ಚಿರುತ್ತವೆ. ರಂಜಾನ್ ತಿಂಗಳೂ ಬೇಡ, ಆಗ ರಾತ್ರಿಯೇ ಹಗಲಾಗಿರುತ್ತದೆ. ಸಾಧಾರಣ ತಿಂಗಳ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಮಕ್ಕಳು ಎಣಿಸಲಿ, ರಾತ್ರಿಯ ಎಣಿಕೆಗೆ ಮಕ್ಕಳನ್ನು ಕಳಿಸದೆ ಮೊಹಲ್ಲಾದ ದೊಡ್ಡವರೇ ಹೋಗಲಿ.